ಸೇನೆಯ ಸಂಪರ್ಕ ವಿಭಾಗದಲ್ಲಿ ಐಟಿ ಕೆಲಸ: ಏನು ಕಲಿತು ಹೋಗಬೇಕು?

ಪ್ರಶ್ನೆ: ಕಂಪನಿಯೊಂದರಲ್ಲಿ ನೆಟ್‌ವರ್ಕ್ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ಸೇನೆಯ ಸಿಗ್ನಲ್ಸ್ ವಿಭಾಗ ಸೇರುವ ಆಸೆ. ರೌಟರ್, ಸರ್ವರ್ ಎಲ್ಲಾದರೂ ಒಂದೇ ತಾನೆ? ಹೊಸದಾಗಿ ಕಲಿಯಬೇಕಾದ್ದು ಏನಿದೆ?

ಉತ್ತರ: ರೌಟರ್ ಒಂದೇ, ನಿಜ. ಐಪಿ ವಿಳಾಸ ಹಂಚುವುದು, ಪಾಸ್‌ವರ್ಡ್ ಮರೆತವರ ಖಾತೆ ತೆರೆದುಕೊಡುವುದು, ಪ್ರಿಂಟರ್ ಸರಿಮಾಡುವುದು ಅಲ್ಲೂ ತಪ್ಪಿದ್ದಲ್ಲ. ಆದರೆ ಕಂಪನಿಯಲ್ಲಿ ಲಿಂಕ್ ಬೀಳುವುದು ಅಪರೂಪ. ಸೇನೆಯಲ್ಲಿ ಬಿದ್ದೇ ಬೀಳುತ್ತದೆ ಎಂದುಕೊಂಡು ಯೋಜನೆ ಶುರುವಾಗುತ್ತದೆ, ಏಕೆಂದರೆ ಬೀಳಿಸಲೆಂದೇ ಎದುರಾಳಿ ಕೂತಿರುತ್ತಾನೆ. ಮೊದಲ ದಾರಿ ಹೋದರೆ ಎರಡನೆಯದು, ಆಮೇಲೆ ಮೂರನೆಯದು, ಕೊನೆಗೆ ಸಂದೇಶ ಹೊತ್ತು ಓಡುವ ಸೈನಿಕ ಎಂದು ಮುಂಚೆಯೇ ಗೊತ್ತುಮಾಡಿರುತ್ತಾರೆ. ಮೊದಲ ಮೂರೂ ಒಂದೇ ಜನರೇಟರ್ ನೆಚ್ಚಿಕೊಂಡಿವೆಯೇ ಎಂದು ಮೊದಲು ನೋಡಿ. ಹಾಗಿದ್ದರೆ ಒಂದು ಡೀಸೆಲ್ ಕ್ಯಾನ್ ಖಾಲಿಯಾದ ಕೂಡಲೇ ಮೂರೂ ಸತ್ತಂತೆ.

ನಿಮಗೆ ನಿಜವಾಗಿ ಹೊಸದಾಗುವುದು ರೇಡಿಯೊ. ಚಿಕ್ಕ ಪಡೆಗಳು ಬಳಸುವ ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ ರೇಡಿಯೊ) ಸೆಟ್‌ಗಳು, ಸಾಮಾನ್ಯವಾಗಿ 30ರಿಂದ 88 ಮೆಗಾಹರ್ಟ್ಸ್, ಹೆಚ್ಚುಕಡಿಮೆ ನೇರ ನೋಟ ಹರಿಯುವಷ್ಟು ದೂರವೇ ಮುಟ್ಟುತ್ತವೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಆಗ ನೆರವಿಗೆ ಬರುವುದು ಎಚ್‌ಎಫ್, ಅಂದರೆ ಅದಕ್ಕಿಂತ ಕೆಳಗಿನ ಆವರ್ತನದ ರೇಡಿಯೊ. 5 ಮೆಗಾಹರ್ಟ್ಸ್‌ಗೆ ಆ್ಯಂಟೆನಾ ಆಗಿ ಅರ್ಧ ತರಂಗದಷ್ಟು ಉದ್ದದ ತಂತಿ, ಸುಮಾರು 28.5 ಮೀಟರ್, ಬೇಕು. ಅದನ್ನು ನೆಲದಿಂದ ಮೂರ್ನಾಲ್ಕು ಮೀಟರ್ ಮೇಲೆ ಅಡ್ಡ ಕಟ್ಟಿದರೆ ಅಲೆ ನೆಟ್ಟಗೆ ಮೇಲೆ ಹೋಗಿ, ವಾತಾವರಣದ ಮೇಲಿನ ವಿದ್ಯುದಾವೇಶದ ಪದರವಾದ ಅಯಾನುಗೋಳದಿಂದ ಮರಳಿ, ಗುಡ್ಡದಾಚೆಯವರಿಗೆ ಸಿಗುತ್ತದೆ. ಹಗಲು ಚೆನ್ನಾಗಿದ್ದ ಆವರ್ತನ ರಾತ್ರಿ ಕೈಕೊಡುತ್ತದೆ, ಇನ್ನೂ ಕೆಳಗಿನದಕ್ಕೆ ಇಳಿಯಬೇಕು. ಇದನ್ನು ಕೈಯಾರೆ ಮಾಡಿ ಕಲಿತವರನ್ನು ಕಂಡರೆ ನನಗೆ ಬಹಳ ಗೌರವ. ಇನ್ನು ಉಪಗ್ರಹದ ಮೂಲಕ ಸಂಪರ್ಕ ಎಂದರೆ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡ್ ಹಿಡಿಯುತ್ತದೆ. ಕಚೇರಿಯಲ್ಲಿ ಸರಾಗವಾಗಿ ಓಡುತ್ತಿದ್ದ ತಂತ್ರಾಂಶ ಅಲ್ಲಿ ಏಕೆ ತೆವಳುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಶಿಸ್ತಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮೊದಲ ಮಹಾಯುದ್ಧದಲ್ಲಿ, 1914ರಲ್ಲಿ, ಆಗಿನ ಜರ್ಮನಿಯ ಟ್ಯಾನೆನ್‌ಬರ್ಗ್ ಬಳಿ ರಷ್ಯಾದ ಪಡೆಗಳು ಗುಪ್ತಲಿಪಿ ಇಲ್ಲದೆ ರೇಡಿಯೊದಲ್ಲಿ ಆದೇಶ ಕಳಿಸಿದವು. ಜರ್ಮನ್ನರು ಅದನ್ನು ಕೇಳಿಸಿಕೊಂಡರು, ರಷ್ಯಾದ ಒಂದಿಡೀ ಸೇನೆ ನಾಶವಾಯಿತು. 2008ರಲ್ಲಿ ಅಮೆರಿಕದ ಸೇನಾ ಜಾಲಕ್ಕೆ ದುಷ್ಟ ತಂತ್ರಾಂಶ ನುಗ್ಗಿದ್ದು ಒಂದು ಪೆನ್‌ಡ್ರೈವ್ ಮೂಲಕ.

ಆದ್ದರಿಂದ ಇನ್ನೊಂದು ಕಂಪನಿಯ ಸರ್ಟಿಫಿಕೇಟ್‌ಗೆ ದುಡ್ಡು ಸುರಿಯುವ ಬದಲು ಹವ್ಯಾಸಿ ರೇಡಿಯೊ ಪರವಾನಗಿ ಪಡೆಯಿರಿ. ಸಬ್‌ನೆಟ್ ಲೆಕ್ಕವನ್ನು (ಜಾಲವನ್ನು ಚಿಕ್ಕ ಭಾಗಗಳಾಗಿ ಒಡೆಯುವ ಲೆಕ್ಕ) ಕಾಗದದ ಮೇಲೆ ಮಾಡಲು ರೂಢಿಸಿಕೊಳ್ಳಿ. ಬ್ಯಾಟರಿ, ಅರ್ಥಿಂಗ್, ಕೇಬಲ್ ಕನೆಕ್ಟರ್ ಇವನ್ನು ಹಗುರವಾಗಿ ಕಾಣಬೇಡಿ, ಬಹುಪಾಲು ದೋಷ ಸಿಗುವುದು ಅಲ್ಲೇ.

ಪ್ರಶ್ನೆ: ನನ್ನ ಮಗ ಸಿಗ್ನಲ್ಸ್‌ನಲ್ಲಿದ್ದಾನೆ. ಸಂಪರ್ಕದ ಕೆಲಸ ಮಾಡುವವನಿಗೇ ಮೊಬೈಲ್ ಬಳಸಲು ಬಿಡುವುದಿಲ್ಲವಂತೆ, ಏಕೆ?

ಉತ್ತರ: ಕರೆ ಮಾಡದಿದ್ದರೂ, ಚಾಲೂ ಇರುವ ಮೊಬೈಲ್ ಆಗಾಗ ಟವರ್‌ಗೆ ಸಂಕೇತ ಕಳಿಸುತ್ತದೆ. ಆ ಸಂಕೇತ ಹಿಡಿದು ಜಾಗ ಪತ್ತೆ ಮಾಡಬಹುದು. ವ್ಯಾಯಾಮದ ಆ್ಯಪ್ ಒಂದು ಪ್ರಕಟಿಸಿದ್ದ ಓಟದ ದಾರಿಗಳ ನಕ್ಷೆಯಲ್ಲಿ ದೂರದೂರದ ಸೇನಾ ನೆಲೆಗಳ ಆಕಾರವೇ ಕಾಣುತ್ತಿದ್ದುದು 2018ರ ಜನವರಿಯಲ್ಲಿ ಬಯಲಾಯಿತು. ಮಗನ ಮಾತು ಕೇಳದ ದಿನಗಳು ನಿಮಗೆ ಭಾರವಾಗುತ್ತವೆ, ಬಲ್ಲೆ. ಫೋನ್ ಬಂದಾಗ ಎಲ್ಲಿದ್ದೀಯ ಎಂದು ಕೇಳಬೇಡಿ. ಅವನು ಕಳಿಸಿದ ಫೋಟೊಗಳನ್ನು ನೆಂಟರ ಗುಂಪಿಗೆ ಹಾಕಬೇಡಿ.