ರಾಸ್ಪ್‌ಬೆರಿ ಪೈ 5 ತಗೋಬ್ಯಾಡ್ರಿ, ಮೊದಲು ಆ ಚಾರ್ಜರ್ ಬದಲಿಸ್ರಿ

ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡ್) ಅನ್ನು ಮೊಬೈಲ್ ಚಾರ್ಜರ್ ಹಚ್ಚಿ ರೂಟರ್ ಮಾಡಿದ್ದೀರಿ, ಯಾರಾದರೂ ಡೌನ್‌ಲೋಡ್ ಹಚ್ಚಿದ ಕೂಡಲೇ ನೆಟ್ ಅರ್ಧ ನಿಮಿಷ ಹೋಗುತ್ತದೆ, ಪೈ 5 ತಗೊಂಡರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಇದೇ ಪೈ 4, ಇದೇ ಥರದ ಯುಎಸ್‌ಬಿ ಲ್ಯಾನ್ ಅಡಾಪ್ಟರ್ (ಪೈಗೆ ಎರಡನೇ ನೆಟ್ ಕೇಬಲ್ ಪೋರ್ಟ್ ಕೊಡುವಂಥದ್ದು), ಇದೇ 100 ಎಂಬಿಪಿಎಸ್ ಫೈಬರ್ ಇಟ್ಟುಕೊಂಡು ಮೂರು ವಾರ ಒದ್ದಾಡಿದ್ದೇನೆ. ಫೈಬರ್ ಕನೆಕ್ಟರ್ ಬದಲಿಸಿದೆ, ಎಸ್‌ಡಿ ಕಾರ್ಡ್‌ಗೆ ಓಪನ್‌ಡಬ್ಲ್ಯೂಆರ್‌ಟಿ (ರೂಟರ್ ನಡೆಸುವ ಸಾಫ್ಟ್‌ವೇರ್) ಮತ್ತೊಮ್ಮೆ ಬರೆದೆ, ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಮಾಡಿದೆ. ತಪ್ಪು ಇದ್ದದ್ದು ಬೋರ್ಡ್‌ಗೆ ಕರೆಂಟ್ ಕೊಡುತ್ತಿದ್ದ ಮೊಬೈಲ್ ಚಾರ್ಜರ್ ಮತ್ತು ಅದರ ವೈರಿನಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದು ಬಹಳ ಮೋಸ ಮಾಡುತ್ತದೆ. ಪೈ 4 ಗೆ 5 ವೋಲ್ಟ್, 3 ಆಂಪಿಯರ್ ಬೇಕು. ಬೋರ್ಡ್ ತಲುಪುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ‘ಅಂಡರ್‌ವೋಲ್ಟೇಜ್’ ಎಂದು ಅದು ಲಾಗ್‌ನಲ್ಲಿ ಬರೆಯುತ್ತದೆ. ನನ್ನ ಕೇಬಲ್ ಒಂದು ಮೀಟರ್ ಉದ್ದದ್ದು, ಮೇಲೆ ಸಣ್ಣ ಅಕ್ಷರದಲ್ಲಿ 28 ಎಡಬ್ಲ್ಯೂಜಿ (ತಂತಿಯ ದಪ್ಪದ ಅಳತೆ) ಅಂತ ಅಚ್ಚಾಗಿತ್ತು. ಆ ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಹೋಗುವ ತಂತಿ, ಬರುವ ತಂತಿ ಸೇರಿ 0.42 ಓಮ್. ಸುಮ್ಮನಿದ್ದಾಗ ಬೋರ್ಡ್ 0.6 ಆಂಪಿಯರ್ ಎಳೆದರೆ ವೈರಿನಲ್ಲೇ ಕಾಲು ವೋಲ್ಟ್ ಹೋಗುತ್ತದೆ, 4.75 ಉಳಿಯುತ್ತದೆ, ಎಲ್ಲ ನೆಟ್ಟಗಿರುತ್ತದೆ. ಡೌನ್‌ಲೋಡ್ ಶುರುವಾಗಿ ಪ್ರೊಸೆಸರ್, ಲ್ಯಾನ್ ಅಡಾಪ್ಟರ್ ಎರಡೂ ದುಡಿಯತೊಡಗಿ 1.2 ಆಂಪಿಯರ್ ಆದರೆ ಅರ್ಧ ವೋಲ್ಟ್ ಮಾಯ. 4.5 ಮಾತ್ರ ಉಳಿಯುತ್ತದೆ. ಆಗ ಪೈ ಪೂರ್ತಿ ಆರುವುದಿಲ್ಲ, ಲ್ಯಾನ್ ಅಡಾಪ್ಟರ್ ಮಾತ್ರ ಬಿಟ್ಟುಕೊಂಡು ಮತ್ತೆ ಹತ್ತಿಕೊಳ್ಳುತ್ತದೆ. ವ್ಯಾನ್ (ಹೊರಗಿನ ಇಂಟರ್‌ನೆಟ್ ಕಡೆಯ ಕೇಬಲ್) ಅದರ ಮೇಲೇ ಇರುವುದರಿಂದ ಪಿಪಿಪಿಒಇ (ಕಂಪನಿಗೆ ಲಾಗಿನ್ ಆಗಿ ಪಡೆಯುವ ಸಂಪರ್ಕ) ಕಡಿದು ಮತ್ತೆ ಲಾಗಿನ್ ಆಗಬೇಕು. ನೀವು ಬರೆದ ಆ ಅರ್ಧ ನಿಮಿಷದ ಅಂತರ ಇದೇ ಇರಬೇಕು.

ಚಾರ್ಜರ್ ಮೇಲೆ 33 ವ್ಯಾಟ್ ಅಂತ ಇದೆಯಲ್ಲ ಅಂತೀರಿ. ಅದು ಫೋನ್ ಜೊತೆ ಮಾತಾಡಿಕೊಂಡು ವೋಲ್ಟೇಜ್ ಏರಿಸಿದಾಗಿನ ಲೆಕ್ಕ. ಹಿಂದೆ ಅಚ್ಚಾದ ಸಾಲುಗಳಲ್ಲಿ 5 ವೋಲ್ಟ್ ಪಕ್ಕದ ಆಂಪಿಯರ್ ಮಾತ್ರ ಓದ್ರಿ, ಕೆಲವುದರಲ್ಲಿ 2 ಮಾತ್ರ ಇರುತ್ತದೆ. ಮಲ್ಟಿಮೀಟರ್ ಇದ್ದರೆ ಚಾರ್ಜರ್ ತುದಿಯಲ್ಲಿ ಅಳೆಯಬ್ಯಾಡ್ರಿ, ನಾನು ಅಲ್ಲೇ ಅಳೆದು 5.0 ನೋಡಿ ಅದನ್ನು ಲೆಕ್ಕದಿಂದ ಬಿಟ್ಟಿದ್ದೆ. ಬೋರ್ಡಿನ 2ನೇ ಮತ್ತು 6ನೇ ಪಿನ್ನಿಗೆ ಪ್ರೋಬ್ ಹಿಡಿದು, ಡೌನ್‌ಲೋಡ್ ನಡೆಯುತ್ತಿರುವಾಗಲೇ ಅಳೀರಿ. ಪ್ರೋಬ್ ಜಾರಿ ಎರಡು ಪಿನ್ ಕೂಡಿದರೆ ಬೋರ್ಡ್ ಸುಡಬಹುದು, ಕೈ ಗಟ್ಟಿ ಇರಲಿ.

ಪೈಗೆಂದೇ ಮಾಡಿದ 5.1 ವೋಲ್ಟ್, 3 ಆಂಪಿಯರ್ ಪವರ್ ಅಡಾಪ್ಟರ್ ತರ್ರಿ. ಅದರ ವೈರ್ ದಪ್ಪ, ಅಡಾಪ್ಟರಿಗೇ ಸೇರಿಸಿ ಮಾಡಿದ್ದು. ಪೈ 5 ಆದರೆ 5 ಆಂಪಿಯರ್ ಕೇಳುತ್ತದೆ. 3 ಆಂಪಿಯರಿನದು ಕೊಟ್ಟರೆ ಎಲ್ಲ ಯುಎಸ್‌ಬಿ ಪೋರ್ಟ್ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಈಗಿನ ಚಾರ್ಜರಿಗೆ ಅದನ್ನು ಹಚ್ಚಿದರೆ ಇನ್ನೂ ಕಷ್ಟ. 100 ಎಂಬಿಪಿಎಸ್‌ಗೆ ಪೈ 4 ಬೇಕಾದಷ್ಟಾಯಿತು.

ಇನ್ನು ಪೈನಿಂದಲೇ ವೈಫೈ ಕೊಡುವುದನ್ನು ನಿಲ್ಲಿಸ್ರಿ. ಅದರ ಆಂಟೆನಾ ಬೋರ್ಡ್ ಮೇಲಿನ ಚಿಕ್ಕ ಗೆರೆಯಂಥದ್ದು, ಆರ್‌ಸಿಸಿ ಮನೆಯಲ್ಲಿ ಒಂದು ಗೋಡೆ ದಾಟಿದರೆ ಮುಗಿಯಿತು. ಹಳೇ ರೂಟರ್ ಇದ್ದರೆ ವೈಫೈ ಅದರಿಂದ ಕೊಡ್ರಿ: ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಪೈನಿಂದ ಬಂದ ಕೇಬಲ್ ಅದರ ಲ್ಯಾನ್ ಪೋರ್ಟಿಗೆ ಚುಚ್ಚ್ರಿ, ವ್ಯಾನ್‌ಗೆ ಅಲ್ಲ. ಓಪನ್‌ಡಬ್ಲ್ಯೂಆರ್‌ಟಿ ತಾನಾಗಿ 192.168.1.1 ಎಂಬ ವಿಳಾಸ ತಗೊಳ್ಳುತ್ತದೆ. ಕಂಪನಿಯ ಫೈಬರ್ ಡಬ್ಬಿಯೂ ಬಹಳ ಸಲ ಅದೇ ವಿಳಾಸದಲ್ಲಿ ಕೂತಿರುತ್ತದೆ, ಹಾಗಾಗಿ ಪೈಗೆ 192.168.10.1, ಹಳೇ ರೂಟರಿಗೆ 192.168.10.2 ಕೊಡ್ರಿ. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ನಲ್ಲೇ (ಅದು ತಾನು ರೂಟರ್ ಆಗದೆ ನೆಟ್ಟನ್ನು ಪೈಗೆ ದಾಟಿಸುವಂತೆ) ಇಡ್ರಿ.

ಸಂಜೆ ವಿಡಿಯೋ ಕಾಲ್ ತಡವರಿಸುತ್ತದೆ ಅಂತಲೂ ಬರೆದಿದ್ದೀರಿ. ಅದು ಬೇರೆ ರೋಗ. ಒಬ್ಬರು ಫೋಟೋ ಅಪ್‌ಲೋಡ್ ಹಚ್ಚಿದರೆ ಉಳಿದವರ ಪ್ಯಾಕೆಟ್ ಎಲ್ಲ ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಎಸ್‌ಕ್ಯೂಎಂ (ಈ ಸಾಲನ್ನು ಹದ್ದುಬಸ್ತಿನಲ್ಲಿಡುವ) ಪ್ಯಾಕೇಜ್ ಹಾಕಿ, ಅದರಲ್ಲಿ ‘ಕೇಕ್’ ಎಂಬ ವಿಧಾನ ಆರಿಸಿ, ನಿಜವಾಗಿ ಸಿಗುವ ವೇಗದ ಶೇಕಡ 90ರಷ್ಟನ್ನು ಡೌನ್‌ಲೋಡ್, ಅಪ್‌ಲೋಡ್ ಎರಡೂ ಕಡೆ ಬರೀರಿ. 95 ಎಂಬಿಪಿಎಸ್ ಸಿಗುತ್ತಿದ್ದರೆ 85 ಸಾಕು. ಪೈಯನ್ನು ರೂಟರ್ ಮಾಡಿಕೊಳ್ಳಲು ನನ್ನ ಮಟ್ಟಿಗೆ ಇದೊಂದೇ ದೊಡ್ಡ ಕಾರಣ.

ಇಡೀ ಸಾಮಾನನ್ನು ಮುಚ್ಚಿದ ಕಪಾಟಿನಲ್ಲಿ ಇಡಬ್ಯಾಡ್ರಿ. 80 ಡಿಗ್ರಿ ದಾಟಿದರೆ ಪೈ 4 ತಾನೇ ವೇಗ ಇಳಿಸುತ್ತದೆ, ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಅದಕ್ಕೆ ಬಹಳ ಹೊತ್ತು ಬೇಕಿಲ್ಲ. ಅಲ್ಯೂಮಿನಿಯಂ ಕೇಸ್ ಹಾಕ್ರಿ.

ಹೊಸ ಪವರ್ ಅಡಾಪ್ಟರ್ ಹಾಕಿ, ಡೌನ್‌ಲೋಡ್ ಹಚ್ಚಿ ಅಳೆದಾಗ 4.9 ವೋಲ್ಟಿಗಿಂತ ಮೇಲಿದ್ದೂ ನೆಟ್ ಕಡಿದರೆ, ಆ ಹೊತ್ತಿನ ಕರ್ನಲ್ ಲಾಗಿನ (ಪೈ ತಾನೇ ಬರೆದಿಡುವ ದಾಖಲೆಯ) ಕೊನೆಯ ಇಪ್ಪತ್ತು ಸಾಲು ಇಲ್ಲಿ ಹಾಕ್ರಿ, ಲ್ಯಾನ್ ಅಡಾಪ್ಟರಿನ ಒಳಗಿನ ಚಿಪ್ ಯಾವುದು ಅಂತಲೂ ತಿಳಿಸ್ರಿ.