ಓದುಗರ ಪ್ರಶ್ನೆ: ಸಭೆಯ ಮುಂದೆ ನಿಂತಾಗ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ತರಗತಿಯಲ್ಲಿ ಸರಾಗವಾಗಿ ಪಾಠ ಮಾಡುವ ನನಗೆ ಸಭೆಯಲ್ಲಿ ಮೈಕಿನ ಮುಂದೆ ನಿಂತ ಕೂಡಲೇ ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಆದ್ದರಿಂದ ಭಾಷಣವನ್ನು ಪೂರ್ತಿ ಬರೆದುಕೊಂಡು ಓದುತ್ತೇನೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕೇಳುಗರು ತಮ್ಮತಮ್ಮಲ್ಲೇ ಮಾತಿಗೆ ತೊಡಗಿರುತ್ತಾರೆ. ಏನು ಮಾಡಲಿ?

ಉತ್ತರ: ಭಯಕ್ಕೆ ನೀವು ಕಂಡುಕೊಂಡ ಪರಿಹಾರವೇ ಎರಡನೆಯ ತೊಂದರೆಯನ್ನು ಹುಟ್ಟಿಸಿದೆ. ಸಭೆಯನ್ನು ಕಂಡೊಡನೆ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚಿ ಎದೆಬಡಿತ ಏರುವುದು ಅನುಭವಿಗಳಿಗೂ ತಪ್ಪಿದ್ದಲ್ಲ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಕಾಲದಲ್ಲಿ ಗಾಂಧೀಜಿಯವರು ವೆಂಟ್ನರ್ ಎಂಬಲ್ಲಿ ಒಂದು ಹಾಳೆಗೂ ಮೀರದ ಭಾಷಣವನ್ನು ಓದಲು ಎದ್ದು ನಿಂತು, ಕಣ್ಣು ಮಂಜಾಗಿ ಮೈ ನಡುಗಿ, ಕಡೆಗೆ ಅದನ್ನು ಬೇರೊಬ್ಬರಿಂದ ಓದಿಸಬೇಕಾಯಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಸಂಕೋಚವೇ ತಮಗೆ ಮಿತಮಾತನ್ನು ಕಲಿಸಿತೆಂದೂ ಹೇಳುತ್ತಾರೆ. ನಡುಕ ಪೂರ್ತಿ ಹೋಗಲೆಂದು ಕಾಯಬೇಡಿ. ನಿಮಗೆ ಅನ್ನಿಸುವಷ್ಟು ಅದು ಕೇಳುಗರಿಗೆ ಕಾಣುವುದೂ ಇಲ್ಲ.

ಹೆಚ್ಚು ಯೋಚಿಸಬೇಕಾದದ್ದು ಆ ಬರೆದ ಹಾಳೆಗಳ ಬಗ್ಗೆ. ಓದುವವನು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಮರಳಬಲ್ಲ, ಕೇಳುವವನಿಗೆ ಆ ಅನುಕೂಲವಿಲ್ಲ. ಹಾಗಾಗಿ ಪ್ರಬಂಧದ ಉದ್ದನೆಯ ವಾಕ್ಯಗಳು, ಅದರಲ್ಲೂ ಕ್ರಿಯಾಪದ ಕೊನೆಗೆ ಬರುವ ನಮ್ಮ ಕನ್ನಡದಲ್ಲಿ, ಕಿವಿಗೆ ಬಹಳ ಭಾರ. ಹಾಗೆಂದು ಕಾಗದವನ್ನೇ ದೂಷಿಸಲಾಗದು. 1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗಿನಲ್ಲಿ ಆ ಕಾಲದ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದ ಮೇಲೆ, ಅಧ್ಯಕ್ಷ ಲಿಂಕನ್ ಮೊದಲೇ ಬರೆದು ತಂದಿದ್ದ ಸುಮಾರು 270 ಪದಗಳನ್ನಷ್ಟೇ ಹೇಳಿದರು, ಮತ್ತು ಜನ ಇಂದಿಗೂ ನೆನೆಯುವುದು ಅವನ್ನೇ. ಆ ಮಾತುಗಳಿಗೆ ಒಂದೇ ಗುರಿಯಿತ್ತು, ಅವನ್ನು ಕಿವಿಗಾಗಿ ಹೆಣೆಯಲಾಗಿತ್ತು.

ನೀವು ಮೊದಲು ಮಾಡಬೇಕಾದದ್ದು, ಸಭೆಯಿಂದ ಹೊರಟವರು ಮನೆಯಲ್ಲಿ ಏನು ಹೇಳಬೇಕೆಂದು ನಿಮ್ಮ ಬಯಕೆಯೋ ಅದನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ಆ ವಾಕ್ಯಕ್ಕೆ ಸಂಬಂಧವಿಲ್ಲದ ಒಳ್ಳೆಯ ಸಂಗತಿಗಳನ್ನೂ ಬಿಟ್ಟುಬಿಡಿ. ಇದು ಕಷ್ಟ, ನನ್ನ ಪ್ರಕಾರ ಭಾಷಣದ ಸಿದ್ಧತೆಯಲ್ಲಿ ಅತ್ಯಂತ ಕಷ್ಟದ ಕೆಲಸವೇ ಇದು. ಉಳಿದದ್ದನ್ನು ಚಿಕ್ಕ ಚೀಟಿಯಲ್ಲಿ ಮೂರು ನಾಲ್ಕು ಪದಗಳಾಗಿ ಗುರುತಿಸಿಕೊಳ್ಳಿ. ಬಾಯಿಪಾಠ ಬೇಕಾದದ್ದು ಮೊದಲ ಎರಡು ವಾಕ್ಯಗಳು ಮತ್ತು ಕೊನೆಯದು ಮಾತ್ರ, ಏಕೆಂದರೆ ಭಯ ಹೆಚ್ಚಾಗಿರುವುದು ಆರಂಭದಲ್ಲಿ, ತಡವರಿಕೆ ಹೆಚ್ಚಾಗುವುದು ಮುಗಿಸುವಾಗ. ಅಭ್ಯಾಸವನ್ನು ನಿಂತು, ಗಟ್ಟಿ ದನಿಯಲ್ಲಿ, ಗಡಿಯಾರ ಇಟ್ಟುಕೊಂಡು ಮಾಡಿ. ಪ್ರತಿ ಸಲವೂ ಪದಗಳು ಬೇರೆಯಾದರೆ ಗಾಬರಿ ಬೇಡ, ಮಾತು ನಿಮ್ಮದಾಗುತ್ತಿದೆ ಎಂದೇ ಅರ್ಥ.

ತರಗತಿಯಲ್ಲಿ ನೀವು ಈಗಾಗಲೇ ಮಾಡುತ್ತಿರುವುದನ್ನು ಸಭೆಗೂ ತನ್ನಿ. ಹಿಂದಿನ ಬೆಂಚಿನ ಹುಡುಗನ ಮುಖ ನೋಡಿ, ಅರ್ಥವಾಗಲಿಲ್ಲವೆಂದು ತಿಳಿದು, ಇನ್ನೊಂದು ಉದಾಹರಣೆ ಕೊಡುತ್ತೀರಲ್ಲವೇ? "ಓದುವ ಹವ್ಯಾಸ ಮುಖ್ಯ" ಎನ್ನುವುದಕ್ಕಿಂತ, ಓದಲು ತಡವರಿಸುತ್ತಿದ್ದ ಮಗು ಮೊದಲ ಬಾರಿ ಒಂದು ಪುಟ ಮುಗಿಸಿದ್ದನ್ನು ಹೇಳಿದರೆ ಸಭೆ ತಾನಾಗಿ ಕಿವಿಗೊಡುತ್ತದೆ. ಒಬ್ಬರ ಕಣ್ಣನ್ನು ನೋಡುತ್ತ ಒಂದು ವಾಕ್ಯ ಮುಗಿಸಿ, ಆಮೇಲೆ ಇನ್ನೊಬ್ಬರತ್ತ ತಿರುಗಿ.

ಪ್ರಶ್ನೆ: ಮಾತಿನ ನಡುವೆ ವಿಷಯವೇ ಮರೆತುಹೋದರೆ?

ಉತ್ತರ: ನಿಲ್ಲಿಸಿ, ಉಸಿರೆಳೆದುಕೊಳ್ಳಿ, ಈಗಷ್ಟೇ ಹೇಳಿದ ಅಂಶವನ್ನು ಬೇರೆ ಮಾತಿನಲ್ಲಿ ಮತ್ತೊಮ್ಮೆ ಹೇಳಿ ಚೀಟಿ ನೋಡಿ. ನಿಮಗೆ ಯುಗವೆನಿಸುವ ಆ ಮೂರು ಸೆಕೆಂಡುಗಳನ್ನು ಕೇಳುಗರು ಬೇಕೆಂದೇ ಕೊಟ್ಟ ವಿರಾಮವೆಂದು ತಿಳಿಯುವ ಸಾಧ್ಯತೆಯೇ ಹೆಚ್ಚು. ಕ್ಷಮೆ ಕೇಳಲು ಮಾತ್ರ ಹೋಗಬೇಡಿ. ಕೇಳಿದರೆ, ಗಮನಿಸದೆ ಇದ್ದವರಿಗೂ ಮರೆವು ಗೊತ್ತಾಗುತ್ತದೆ.