ಮಿದುಳಿನ ಗಡ್ಡೆ: ಹೆಂಡತಿಗೆ ಹೇಳಬೇಕೋ ಬೇಡವೋ

(ಗುರುತು ಸಿಗದ ಹಾಗೆ ಊರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ಆಕಿಗೆ ಗೊತ್ತಾಗದಂಗ ಹೆಂಗ ನೋಡ್ಕೊಳ್ಳೋದ್ರೀ ಮೇಡಂ?" ಹೆಂಡತಿಯ ಕಾಯಿಲೆಯ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ಗಂಡನದು ಇದೊಂದೇ ಪ್ರಶ್ನೆ.

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರು. ಗಂಡನಿಗೆ 46 ವರ್ಷ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಹೆಂಡತಿಗೆ 41, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಕೆಲಸ. ಮಗಳು ಪಿಯುಸಿ ಎರಡನೇ ವರ್ಷ, ಮಗ ಏಳನೇ ತರಗತಿ. ಗಂಡನ ತಾಯಿಯೂ ಜೊತೆಗಿದ್ದಾರೆ. ಹೆಂಡತಿಯ ಅಣ್ಣ ಪಕ್ಕದ ಊರಿನಲ್ಲಿ. ತಂದೆ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿ, ಮದುವೆ ಮಾಡಿಕೊಟ್ಟವರು ಅವರೇ. ಅವರ ಮಾತು ಈ ಮನೆಯಲ್ಲಿ ನಡೆಯುತ್ತದೆ.

ಗಂಡ ತಮ್ಮ ಜೊತೆ ಹೆಂಡತಿಯ ಅಳತೆ ಪುಸ್ತಕ ತಂದಿದ್ದರು. ಮೊದಲ ಪುಟಗಳಲ್ಲಿ ಅಂಕಿಗಳು ಮುತ್ತು ಪೋಣಿಸಿದ ಹಾಗಿದ್ದವು. ಎದೆ 36, ಸೊಂಟ 30, ತೋಳು 9. ಸ್ವಲ್ಪ ಮುಂದೆ ತೋಳಿನ ಜಾಗದಲ್ಲಿ ಸೊಂಟದ ಅಳತೆ ಬರೆದಿದೆ. ಇನ್ನೂ ಮುಂದೆ 36 ಅನ್ನೋದು 63 ಆಗಿದೆ. ಕೊನೆಯ ಎರಡು ಪುಟಗಳಲ್ಲಿ ಗಿರಾಕಿಗಳ ಹೆಸರು ಅರ್ಧಕ್ಕೇ ನಿಂತಿದೆ. ಎರಡು ಜಂಪರ್‌ಗಳಿಗೆ ಎರಡೂ ಕಡೆ ಎಡಗೈ ತೋಳನ್ನೇ ಹಚ್ಚಿದ್ದರಂತೆ. ಕನ್ನಡಕ ಬದಲಿಸಬೇಕು ಅಂದುಕೊಂಡರು. ಮುಟ್ಟು ನಿಲ್ಲೋ ವಯಸ್ಸು ಅಂದರು. ಅತ್ತೆ, "ಮೊಬೈಲ್ ನೋಡೋದು ಜಾಸ್ತಿ ಆಗೇತಿ" ಅಂದರು. ಒಂದು ಬೆಳಿಗ್ಗೆ ಫಿಟ್ಸ್ ಬಂತು. ಅಕ್ಕಪಕ್ಕದವರು ಓಡಿ ಬಂದು ಕೈಗೆ ಬೀಗದ ಕೈ ಗೊಂಚಲು ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಅಲ್ಲಿಂದ ಆಸ್ಪತ್ರೆ, ಎಂಆರ್‌ಐ, ಆಪರೇಷನ್.

ಗಡ್ಡೆ ಇದ್ದದ್ದು ಮಿದುಳಿನ ಎಡಭಾಗದಲ್ಲಿ. ಬಲಗೈ ಬಳಸುವ ಹೆಚ್ಚಿನವರಿಗೆ ಮಾತು, ಬರಹ, ಲೆಕ್ಕ, ಎಡ-ಬಲದ ತಿಳಿವಳಿಕೆ ಎಲ್ಲ ಆ ಕಡೆಯೇ. ಹೊಲಿಗೆಯವರಿಗೆ ಬೇಕಾದದ್ದೆಲ್ಲ ಅಲ್ಲೇ ಅನ್ನಿ. ಪೂರ್ತಿ ತೆಗೆಯಲು ಹೋದರೆ ಮಾತೂ ಬಲಗೈಯೂ ಹೋಗುವ ಭಯ. ಹಾಗಾಗಿ ಆದಷ್ಟು ತೆಗೆದು, ಉಳಿದದ್ದನ್ನು ಬಿಟ್ಟರು. ವರದಿಯಲ್ಲಿ ಗ್ಲಿಯೋಬ್ಲಾಸ್ಟೋಮಾ, ಗ್ರೇಡ್ 4 ಎಂದು ಬಂತು, ಅಂದರೆ ಮಿದುಳಿನ ಉಗ್ರ ಬಗೆಯ ಕ್ಯಾನ್ಸರ್. ಈ ಗಡ್ಡೆಗೆ ಸರಿಯಾದ ಅಂಚೇ ಇರುವುದಿಲ್ಲ. ಸುತ್ತಲಿನ ಮಿದುಳಿನೊಳಗೆ ನುಸುಳಿರುತ್ತದೆ. ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದರೂ ಬಹುತೇಕ ಮತ್ತೆ ಬರುತ್ತದೆ.

ವರದಿ ಮೊದಲು ಸಿಕ್ಕಿದ್ದು ಅಣ್ಣನ ಕೈಗೆ. "ನೀರಿನ ಗುಳ್ಳಿ ಇತ್ತು, ತೆಗದಾರ" ಎಂದು ತಂಗಿಗೆ ಹೇಳಿದರು. ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡುವುದು ಯಾಕೆ ಅಂದಾಗ, "ಗಾಯ ಲಗೂ ಮಾಯಲಿ ಅಂತ" ಅಂದರು. ಫೈಲನ್ನು ಗಿರಣಿಯಲ್ಲಿ ಗೋಧಿ ಚೀಲದ ಹಿಂದೆ ಇಟ್ಟರು. ಮಕ್ಕಳಿಗೆ ಬಾಯಿ ಬಿಡಬೇಡಿ ಎಂದು ತಾಕೀತು. ಟಿವಿಯಲ್ಲಿ ಕ್ಯಾನ್ಸರ್ ಅಂತ ಬಂದರೆ ಚಾನೆಲ್ ಬದಲಿಸುವುದು.

"ಆಕಿ ಆರಾಮ ಅದಾಳ್ರೀ, ಏನೂ ಕೇಳಂಗಿಲ್ಲ" ಅಂದರು ಗಂಡ.

ಎರಡನೇ ಸಲ ಮಗಳನ್ನೂ ಕರೆತರಲು ಹೇಳಿದೆ. ಇಂಥ ಮನೆಗಳಲ್ಲಿ ಹದಿಹರೆಯದ ಮಕ್ಕಳು ದೊಡ್ಡವರಿಗಿಂತ ಜಾಸ್ತಿ ನೋಡಿರುತ್ತಾರೆ. ಅಪ್ಪ ಹೊರಗೆ ಕೂತಾಗ ಹುಡುಗಿ ಹೇಳಿದಳು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಮ್ಮ ಹೊಲಿಯಲು ಬಂದ ಬಟ್ಟೆಗಳನ್ನೆಲ್ಲ ಕಪಾಟಿನಿಂದ ತೆಗೆಯುತ್ತಾಳೆ. ಒಂದೊಂದಕ್ಕೂ ಚೀಟಿ ಬರೆದು ಪಿನ್ನು ಚುಚ್ಚಲು ನೋಡುತ್ತಾಳೆ. ಬರೆಯಲು ಆಗುವುದಿಲ್ಲ. ಅಳುತ್ತಾಳೆ. ಸದ್ದು ಕೇಳಿದರೆ ಎಲ್ಲ ಒಳಗೆ ತುರುಕಿ ಮಲಗಿದ ಹಾಗೆ ಮಾಡುತ್ತಾಳೆ.

ಆಕೆಗೆ ಗೊತ್ತಿತ್ತು. ಯಾರ ಬಟ್ಟೆಯೂ ತನ್ನ ಹತ್ತಿರ ಉಳಿಯಬಾರದು ಎಂದು ತಯಾರಿ ನಡೆಸಿದ್ದರು. ಮನೆಯವರು ಆಕೆಯಿಂದ ಮುಚ್ಚಿಟ್ಟರು, ಆಕೆ ಮನೆಯವರಿಂದ ಮುಚ್ಚಿಟ್ಟರು. ಎಲ್ಲರೂ ಒಂಟಿಯಾಗಿ ಅಳುತ್ತಿದ್ದರು.

ಗಂಡನಿಗೆ ನಾನು ನೇರವಾಗಿಯೇ ಹೇಳಿದೆ. ಬೇರೆ ಎಷ್ಟೋ ಕಾಯಿಲೆಗಳಲ್ಲಿ ಹೇಳೋದಾ ಬೇಡವಾ ಎಂದು ಯೋಚಿಸಲು ಸಮಯ ಇರುತ್ತದೆ. ಇದರಲ್ಲಿ ಇಲ್ಲ. ಈ ಜಾಗದ ಗಡ್ಡೆ ಜೀವಕ್ಕಿಂತ ಮೊದಲು ಮಾತನ್ನು ಕಸಿದುಕೊಳ್ಳುತ್ತದೆ. ಆಕೆ ಬದುಕಿರುವ ಕಾಲ ಬೇರೆ, ಆಕೆಯನ್ನು ಕೇಳಬಹುದಾದ ಕಾಲ ಬೇರೆ. ಎರಡನೆಯದು ಚಿಕ್ಕದು. ಅದು ಈಗ ನಡೆಯುತ್ತಿದೆ.

ಅವರು ಫೋನಿನಲ್ಲಿ ಓದಿ ಒಂದು ಸಂಖ್ಯೆ ಹಿಡಿದುಕೊಂಡಿದ್ದರು: 14 ತಿಂಗಳು. ಅದನ್ನು ತೀರ್ಪಿನ ತಾರೀಖು ಅಂದುಕೊಂಡಿದ್ದರು. ಈಗ ಕೊಡುವ ಚಿಕಿತ್ಸೆ ಜಾರಿಗೆ ಬಂದದ್ದು 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಿಂದ. ಆರು ವಾರ, ವಾರಕ್ಕೆ ಐದು ದಿನ ಕರೆಂಟ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ. ಅದರಲ್ಲಿ ಎರಡೂ ತೆಗೆದುಕೊಂಡ ಗುಂಪಿನ ಮಧ್ಯದ ಲೆಕ್ಕ 14.6 ತಿಂಗಳು. ಅಂದರೆ ಅರ್ಧ ಜನ ಅದಕ್ಕೂ ಆಚೆ ಬದುಕಿದ್ದರು. ನೂರರಲ್ಲಿ 26 ಜನ ಎರಡು ವರ್ಷ ದಾಟಿದ್ದರು, ಕರೆಂಟ್ ಮಾತ್ರ ತೆಗೆದುಕೊಂಡವರಲ್ಲಿ 10 ಜನ. ನಿಮ್ಮ ಹೆಂಡತಿ ಯಾವ ಕಡೆ ಎಂದು ಈಗಲೇ ಯಾರೂ ಹೇಳಲಾರರು. ವಯಸ್ಸು, ಎಷ್ಟು ಗಡ್ಡೆ ತೆಗೆದಿದ್ದಾರೆ, ಗಡ್ಡೆಯ ಪರೀಕ್ಷೆಯಲ್ಲಿ ಏನು ಬಂದಿದೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ಎರಡು ವರ್ಷ ಇದ್ದರೂ ಮಾತು ಅಷ್ಟು ದಿನ ಉಳಿಯುತ್ತದೆ ಎಂದು ನಂಬಿ ಕೂರಬೇಡಿ ಅಂದೆ.

ನಾನು ಕೊಟ್ಟ ಸಲಹೆ, "ಹೋಗಿ ಎಲ್ಲ ಹೇಳಿಬಿಡಿ" ಎಂದಲ್ಲ. ಮೊದಲು ಆಕೆಯನ್ನು ಕೇಳಿ. "ನಿನಗ ಏನಾಗೇತಿ ಅಂತ ಅನಸ್ತೈತಿ?" "ಡಾಕ್ಟರ್ ಹೇಳಿದ್ದು ಪೂರಾ ತಿಳ್ಕೋಬೇಕೇನು, ಇಲ್ಲಾ ನಾನs ನೋಡ್ಕೊಳ್ಳಲೇನು?" ಬೇಡ ಅಂದರೆ ಅದೂ ಸರಿ. ಅದು ಆಕೆಯ ತೀರ್ಮಾನ, ಬೇರೆಯವರದ್ದಲ್ಲ.

ಹೇಗೆ ಕೇಳಬೇಕು ಅನ್ನುವುದೂ ಮುಖ್ಯ. ಬೆಳಿಗ್ಗೆ ಕೇಳಿ, ಸಂಜೆ ಹೊತ್ತಿಗೆ ಇಂಥವರ ಮಾತು ಜಾಸ್ತಿ ತಡವರಿಸುತ್ತದೆ. ಟಿವಿ ಆರಿಸಿ. ಒಬ್ಬರೇ ಎದುರಿಗೆ ಕೂತುಕೊಳ್ಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಆದಷ್ಟು ಹೌದು-ಇಲ್ಲ ಅಂತ ಉತ್ತರ ಕೊಡುವ ಹಾಗಿರಲಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಸುಮ್ನೆ ಕಾಯಿರಿ. ಆಕೆ ಹುಡುಕುತ್ತಿರುವ ಪದವನ್ನು ನೀವೇ ಬಾಯಿಗೆ ತುರುಕಬೇಡಿ. ಕಿವಿ ಚೆನ್ನಾಗಿದೆ, ಜೋರಾಗಿ ಕೂಗಬೇಕಿಲ್ಲ. ಮಗುವಿನ ಹತ್ತಿರ ಆಡುವ ಮಾತು ಬೇಡವೇ ಬೇಡ. ಬಾಯಿ ಬರದಿದ್ದರೆ ಬೆರಳು ತೋರಿಸಲಿ. ಮನೆಯ ಸಾಮಾನು, ಮಕ್ಕಳು, ಊಟ, ನೋವು, ದುಡ್ಡು ಇವುಗಳ ಫೋಟೋ ಒಂದು ಹಾಳೆಗೆ ಅಂಟಿಸಿ ಇಡಿ. ಮಾತು ಇನ್ನೂ ಇರುವಾಗಲೇ ಆ ಹಾಳೆ ರೂಢಿಯಾಗಬೇಕು.

ಅಣ್ಣನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಧೈರ್ಯ ಕಳಕೊಂಡು ಬಿಡ್ತಾಳ್ರೀ" ಎಂದು ವಾದಿಸಿದರು. ಅವರದು ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ಮಗಳು ಕಂಡ ಬಟ್ಟೆಯ ಕಥೆಯನ್ನು ಅವಳ ಬಾಯಲ್ಲೇ ಹೇಳಿಸಿದೆ. ನನ್ನ ಯಾವ ಮಾತಿಗೂ ಕರಗದವರು ಅದಕ್ಕೆ ಕರಗಿದರು.

ಮುಂದಿನ ವಾರ ಆಕೆಯೇ ಬಂದರು. ತಲೆಗೆ ಸೆರಗು, ಬಲಗೈ ಸ್ವಲ್ಪ ಸೋತಿತ್ತು. ಗಂಡ ನಡುಗುವ ದನಿಯಲ್ಲಿ ಕಲಿತ ಪ್ರಶ್ನೆ ಕೇಳಿದರು. ಆಕೆ ಬಹಳ ಹೊತ್ತು ಹುಡುಕಿ, "ಗಡ್ಡಿ" ಅಂದರು. ಮತ್ತೆ ನಿಲ್ಲಿಸಿ, "ಮತ್ತ ಬರತೈತಿ" ಅಂದರು. ಗಂಡ ಗಳಗಳ ಅತ್ತುಬಿಟ್ಟರು. ಆಕೆ ಅಳಲಿಲ್ಲ. ಆಕೆಗೆ ಹೇಳುವುದು ಬಹಳ ಇತ್ತು.

ಬಟ್ಟೆಗಳನ್ನು ವಾಪಸ್ ಕೊಡಬೇಕು. ಆಕೆ ನಡೆಸುತ್ತಿದ್ದ ಚೀಟಿಯಲ್ಲಿ ಯಾರ ಬಾಕಿ ಎಷ್ಟು ಎಂದು ಆಕೆಗಷ್ಟೇ ಗೊತ್ತು. ಸ್ತ್ರೀಶಕ್ತಿ ಸಂಘದ ಪುಸ್ತಕ ಬೇರೆಯವರಿಗೆ ಒಪ್ಪಿಸಬೇಕು. ಆಮೇಲೆ ಮಗಳ ಕಡೆ ನೋಡಿ, "ಸೀರಿ... ಸೀರಿ ಬ್ಯಾಡ" ಎಂದು ಮತ್ತೆ ಮತ್ತೆ ಹೇಳಿದರು. ಯಾವ ಸೀರೆ, ಯಾರಿಗೆ, ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹುಡುಗಿಗೇ ಹೊಳೆಯಿತು. "ನನ್ನ ಲಗ್ನ ಈಗ ಮಾಡಬ್ಯಾಡ ಅಂತೀಯೇನವ್ವ? ಕಾಲೇಜಿಗೆ ಹೋಗಲೇನು?" ಆಕೆ ಜೋರಾಗಿ ತಲೆಯಾಡಿಸಿದರು. ತಾಯಿ ಕಣ್ಣು ಮುಚ್ಚುವ ಮೊದಲು ಮಗಳ ಮದುವೆ ನೋಡಲಿ ಎಂದು ದೊಡ್ಡವರು ಆಗಲೇ ಒಂದು ಮನೆತನ ನೋಡಿಟ್ಟಿದ್ದರಂತೆ. ಆಕೆಯನ್ನು ಕೇಳದೇ ಇದ್ದಿದ್ದರೆ ಆ ಮದುವೆ ಆಕೆಯ ಹೆಸರಿನಲ್ಲೇ ನಡೆದುಹೋಗುತ್ತಿತ್ತು.

ದುಡ್ಡಿನ ವಿಷಯ ಮಾತಾಡಲು ಹಿಂಜರಿಯಬೇಡಿ ಎಂದು ಎಲ್ಲ ಮನೆಯವರಿಗೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದ ಕಾರಣ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇತ್ತು. ಆದರೆ ಆಕೆಯ ಖಾತೆಯಲ್ಲಿದ್ದ ಚೀಟಿ ಹಣ? ಫೋನ್‌ಪೇ ಪಿನ್ ನಂಬರ್ ಆಕೆಗೆ ಆಗಲೇ ಮರೆತಿತ್ತು. ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ಹಾಕಿಸಿ, ಆಕೆಯ ತಿಳಿವು ಚೆನ್ನಾಗಿರುವಾಗಲೇ ಮಾಡಿ ಅಂದೆ. ಸಹಿ ಮಾಡಲಾಗದಿದ್ದರೆ ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಪವರ್ ಆಫ್ ಅಟಾರ್ನಿ ಮಾಡಿಸಿಟ್ಟರೆ ಸಾಕು ಎಂದು ಯಾರೋ ಹೇಳಿದ್ದರು. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಾಗೆಯೇ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿದೆ, 2023ರಲ್ಲಿ ಅದನ್ನು ಸರಳ ಮಾಡಿದೆ. ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಸಾಕು. ಆಕೆಗೆ ಒಂದೊಂದಾಗಿ ಕೇಳಿ ಬರೆಸಿದರು. ಗಂಟಲಿಗೆ ನಳಿಗೆ ಬೇಡ, ಮನೆಯಲ್ಲೇ ಇರಬೇಕು, ನೋವಿಗೆ ಔಷಧ ಬೇಕು.

ಕರೆಂಟ್ ಶುರುವಾದ ಮೇಲೆ ಬೇರೆಯೇ ಕಷ್ಟ ಎದುರಾಯಿತು. ಯಾವತ್ತೂ ದನಿ ಎತ್ತದ ಸೊಸೆ ಅತ್ತೆಯ ಮೇಲೆ ತಟ್ಟೆ ಎಸೆದರು. ರಾತ್ರಿ ಎರಡು ಗಂಟೆಗೆ ಎದ್ದು ರೊಟ್ಟಿ ಕೇಳುವುದು, ಕೊಡಲು ತಡವಾದರೆ ಕೂಗಾಟ. ಅತ್ತೆ ನನ್ನ ಮುಂದೆ ಕೂತು, "ಇಪ್ಪತ್ತು ವರ್ಷದ ಸಿಟ್ಟು ಈಗ ಹೊರಗ ಬಂತ ನೋಡ್ರಿ. ಆಕಿ ಮನಸಿನಾಗ ನಾ ಹಿಂಗs ಇದ್ನಿ" ಅಂದರು. ಈ ಮಾತು ನನಗೆ ಬಹಳ ಸಂಕಟ ಕೊಟ್ಟಿತು. ಮಿದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ನಿದ್ದೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಸಿಡುಕು ತರುತ್ತದೆ, ಸಕ್ಕರೆ ಏರಿಸುತ್ತದೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಾಮ್ ಕೆಲವರಲ್ಲಿ ವಿಪರೀತ ಸಿಟ್ಟು ತರುತ್ತದೆ. ಗಡ್ಡೆಯದ್ದೇ ಕೆಲಸವೂ ಇರಬಹುದು. ಇಪ್ಪತ್ತು ವರ್ಷ ಆಕೆ ನಿಮ್ಮ ಜೊತೆ ಹೇಗಿದ್ದರೋ ಅದೇ ಆಕೆ, ಇದು ಕಾಯಿಲೆ ಮತ್ತು ಔಷಧ ಎಂದು ಹೇಳಿದೆ. ಅವರಿಗೆ ನೋವಾದದ್ದೂ ನಿಜ, ಅದನ್ನು ನುಂಗಿಕೊಳ್ಳಿ ಅನ್ನಲಿಲ್ಲ. ಆ ಹೊತ್ತಿನಲ್ಲಿ ವಾದ ಮಾಡದೆ ಹೊರಗೆ ಹೋಗಿ ಕೂರಿ, ತಟ್ಟೆ ಕೊಡುವ ಕೆಲಸ ಸ್ವಲ್ಪ ದಿನ ಬೇರೆಯವರು ಮಾಡಲಿ ಅಂದೆ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಲೇಬೇಡಿ, ಎರಡೂ ತಟ್ಟನೆ ನಿಂತರೆ ಅಪಾಯ. ಡಾಕ್ಟರಿಗೆ ತಟ್ಟೆ ಎಸೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಅವರು ಫಿಟ್ಸ್ ಮಾತ್ರೆ ಬದಲಿಸಿದರು, ಸ್ಟೆರಾಯ್ಡ್ ಅನ್ನು ಬೆಳಿಗ್ಗೆಗೆ ಹಾಕಿದರು. ಕೂಗಾಟ ಸುಮಾರು ಕಡಿಮೆಯಾಯಿತು.

ಚಿಕ್ಕ ಹುಡುಗನನ್ನು ಎಲ್ಲರೂ ಮರೆತಿದ್ದರು. ಮೊದಲ ಫಿಟ್ಸ್ ಬಂದ ಬೆಳಿಗ್ಗೆ ಅವನು ಅವ್ವನ ಜೊತೆ ಜಗಳ ಮಾಡಿದ್ದ. ತನ್ನಿಂದಲೇ ಹೀಗಾಯಿತು ಎಂದು ಅಷ್ಟು ದಿನ ಒಬ್ಬನೇ ಹೊತ್ತುಕೊಂಡು ತಿರುಗಿದ್ದ. ಮಕ್ಕಳಿಗೆ ಮೂರು ಮಾತು ಹೇಳಲೇಬೇಕು: ನಿನ್ನಿಂದ ಬಂದದ್ದಲ್ಲ, ಅಂಟುವ ರೋಗ ಅಲ್ಲ, ದೇವರ ಶಿಕ್ಷೆಯೂ ಅಲ್ಲ. ಅವನಿಗೆ ಒಂದು ಜವಾಬ್ದಾರಿ ಕೊಟ್ಟೆವು. ಫಿಟ್ಸ್ ಬಂದರೆ ಗಡಿಯಾರ ನೋಡುವುದು ಅವನ ಕೆಲಸ. ಅಪ್ಪ ಪಕ್ಕಕ್ಕೆ ಹೊರಳಿಸಬೇಕು, ತಲೆ ಕೆಳಗೆ ಮೆತ್ತನೆಯ ಬಟ್ಟೆ ಇಡಬೇಕು. ಬಾಯಿಗೆ ಏನೂ ಹಾಕಬಾರದು, ಬೀಗದ ಕೈ ಬೇಡ, ಉಳ್ಳಾಗಡ್ಡಿ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್.

ಗಂಡ ಒಂದು ದಿನ ಬಾಗಿಲು ಹಾಕಿಕೊಂಡು ಹೇಳಿದರು. "ಲಗೂನ ಮುಗದ್ರ ಛಲೋ ಅಂತ ಅನಸ್ತೈತ್ರಿ. ನಾ ಎಂಥಾ ಮನಷ್ಯಾ?" ಇಂಥ ಯೋಚನೆ ಆರೈಕೆ ಮಾಡುವ ಎಷ್ಟೋ ಜನರಿಗೆ ಬರುತ್ತದೆ. ಪ್ರೀತಿ ಕಡಿಮೆಯಾಗಿ ಬರುವುದಲ್ಲ, ಸಂಕಟ ನಿಲ್ಲಲಿ ಎಂದು ಬರುವುದು. ಅವರು ವಾರಗಟ್ಟಲೆ ಸರಿಯಾಗಿ ಮಲಗಿರಲಿಲ್ಲ. ವಾರಕ್ಕೆ ಎರಡು ರಾತ್ರಿ ಅಣ್ಣ ಬಂದು ತಂಗಿಯ ಹತ್ತಿರ ಮಲಗುವುದು, ಇವರು ಗಿರಣಿಯಲ್ಲಿ ನಿದ್ದೆ ಮಾಡುವುದು ಎಂದು ಗೊತ್ತು ಮಾಡಿದೆವು. ಮನಸ್ಸು ತಡೆಯದ ರಾತ್ರಿಗೆ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆಕೆಯ ಮಾತು ಏಳನೇ ತಿಂಗಳಿಗೆ ಪೂರ್ತಿ ನಿಂತಿತು. ಆಮೇಲೆ ಫೋಟೋ ಹಾಳೆ, ಅದೂ ಆಗದಾದಾಗ ಕಣ್ಣು. ನೋವು-ಉಪಶಮನ ಆರೈಕೆಯವರನ್ನು ಚಿಕಿತ್ಸೆ ನಡೆಯುವಾಗಲೇ ಜೊತೆ ಮಾಡಿಕೊಂಡಿದ್ದರು. ಹಾಗಾಗಿ ಕೊನೆಯ ವಾರಗಳಲ್ಲಿ ಯಾವ ಆಸ್ಪತ್ರೆಗೂ ಓಡಲಿಲ್ಲ. ಹನ್ನೊಂದನೇ ತಿಂಗಳು ಆಕೆ ಮನೆಯಲ್ಲೇ ತೀರಿಕೊಂಡರು. ಬರೆಸಿದ್ದಂತೆಯೇ ನಡೆಯಿತು.

ಆಮೇಲೂ ಮನೆಯವರು ಬರುತ್ತಿದ್ದಾರೆ. ಹುಡುಗನಿಗೆ ತಲೆನೋವು ಬಂದಾಗಲೆಲ್ಲ ಮನೆಯೇ ನಡುಗುತ್ತದೆ. "ಇಬ್ಬರಿಗೂ ಒಂದ ಸಲ ಸ್ಕ್ಯಾನ್ ಮಾಡಿಸಿಬಿಡ್ಲೇನ್ರೀ?" ಎಂದು ಅಪ್ಪ ಕೇಳಿದರು. ಗ್ಲಿಯೋಬ್ಲಾಸ್ಟೋಮಾ ಬಹುಪಾಲು ವಂಶದಿಂದ ಬರುವುದಲ್ಲ, ಮನೆಯಲ್ಲಿ ಬೇರೆ ಯಾರಿಗೂ ಇಂಥದ್ದು ಇಲ್ಲದಿರುವಾಗ ಸುಮ್ನೆ ಸ್ಕ್ಯಾನ್ ಬೇಕಿಲ್ಲ ಎಂದು ಅವರ ನರರೋಗ ತಜ್ಞರೂ ಹೇಳಿದರು. ಹುಡುಗನ ಕಣ್ಣು ಪರೀಕ್ಷೆ ಮಾಡಿಸಿದೆವು, ಕನ್ನಡಕ ಬಂತು. ತಲೆನೋವು ಬಂದರೆ ಯಾರಿಗೆ ಹೇಳಬೇಕು ಎಂದು ಅವನನ್ನೇ ಕೇಳಿದೆ. ಅಕ್ಕನಿಗೆ ಅಂದ. ಅಕ್ಕ ಈಗ ಧಾರವಾಡದಲ್ಲಿ ಓದುತ್ತಿದ್ದಾಳೆ, ಹಾಗಾಗಿ ದಿನಾ ರಾತ್ರಿ ಒಂಬತ್ತಕ್ಕೆ ಅವಳ ಫೋನ್ ಬರುತ್ತದೆ. ಅಪ್ಪ ಮತ್ತು ಹುಡುಗ ತಿಂಗಳಿಗೊಮ್ಮೆ ನನ್ನ ಹತ್ತಿರ ಬರುವುದು ಸದ್ಯಕ್ಕೆ ಮುಂದುವರಿಯಲಿ ಎಂದು ಹೇಳಿದ್ದೇನೆ.